ಹನ್ನೆರಡನೆಯ ಜೋಡಿ ಬೂಟು

"ಕಾಲು ಚಾಚ ಅಂದ್ರ ಚಾಚಬೇಕು, ಬೋಸುಡಿ! ನಿನ್ನ ಕಾಲಿಗೆ ನಾ ಪೂಜಿ ಮಾಡ್ಲೇನ?"

ಮಾಲಗಾಂವದ ದ್ರಾಕ್ಷಿ ತೋಟದ ಮಾಲಕ ಭೂಷಣ ರಬ್ಬರ್ ಬೂಟುಗಳನ್ನು ಕಾಂಚನಕ್ಕನ ಮುಂದೆ ಎಸೆದ. ಅವನ ದ್ರಾಕ್ಷಿ ಪರದೇಶಕ್ಕೆ ಹೋಗಬೇಕಿತ್ತು. ಅದಕ್ಕೆ ಮೊದಲು ಕೊಳ್ಳುವ ಕಂಪನಿಯ ಸಾಹೇಬ ಬಂದು ಕೂಲಿಯವರ ಕಾಲಲ್ಲಿ ಬೂಟು ನೋಡಿ ಫೋಟೊ ತೆಗೆಯಬೇಕು. ಇಷ್ಟು ವರ್ಷ ಬರಿಗೈಯಲ್ಲಿ ಹುಳದ ಔಷಧ ಹೊಡೆಸಿದವನಿಗೆ ಅವತ್ತು ನಮ್ಮ ಚರ್ಮದ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತ್ತು. ನಾವು ಹನ್ನೊಂದು ಮಂದಿ ತೆಪ್ಪಗೆ ಹಾಕಿಕೊಂಡೆವು. ನನಗೆ ಸಿಕ್ಕಿದ್ದು ಎರಡೂ ಎಡಗಾಲಿನವು.

ಕಾಂಚನಕ್ಕ ಮಾತ್ರ ಮುಟ್ಟಲಿಲ್ಲ. ಅವಳ ಮಗಳು ಮಯೂರಿಗೆ ಹನ್ನೆರಡು ವರ್ಷ, ಹುಟ್ಟಿದಾಗಿನಿಂದ ಕಾಲು ನಿಲ್ಲುವುದಿಲ್ಲ. ಮಗಳು ಎದ್ದು ನಡೆಯುವ ತನಕ ತಾನು ಕಾಲಿಗೆ ಏನೂ ಮೆಟ್ಟುವುದಿಲ್ಲ ಎಂದು ಚಿಂಚಲಿ ಮಾಯವ್ವನಿಗೆ ಹರಕೆ ಹೊತ್ತಿದ್ದಳು. ಹತ್ತು ವರ್ಷವಾಗಿತ್ತು. ಹಿಮ್ಮಡಿಯ ಬಿರುಕಿಗೆ ಔಷಧದ ನೀರು ಇಳಿದರೆ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಮಯೂರಿ ಇನ್ನೂ ತೆವಳುತ್ತಲೇ ಇದ್ದಳು.

"ಮಾಯವ್ವಗ ಮಾತು ಕೊಟ್ಟೇನ್ರಿ ಮಾಲಕ್ರ."

"ಹತ್ತು ವರ್ಸದಾಗ ಏನ ಕಿಸದಾಳ ನಿನ್ನ ಮಾಯವ್ವ? ಪಗಾರ ಕೊಡಾಂವ ನಾನು. ನಿನ್ನ ದೇವ್ರು ನಾನು. ಹಾಕ್ಕೋ!"

ಅಷ್ಟರಲ್ಲಿ ಕಾರು ಬಂತು. ಸಾಹೇಬ ಮಿರಜದವನೇ, ಕನ್ನಡ ಬಲ್ಲವ. ಬರಿಗಾಲಿನವಳನ್ನು ನೋಡಿ, "ಈಕಿ ಯಾರು?" ಎಂದ.

"ಭಿಕಾರಿ ಸಾಹೇಬ. ದ್ರಾಕ್ಷಿ ಬೇಡಾಕ ಬಂದಾಳ," ಎಂದು ಭೂಷಣ ಹಲ್ಲು ಕಿರಿದ.

"ಭಿಕಾರಿ ಅಲ್ರಿ," ಕಾಂಚನಕ್ಕ ಮುಂದೆ ಬಂದಳು. "ಒಂಬತ್ತು ವರ್ಸ ಈ ಬಳ್ಳಿ ಜ್ವಾಪಾನ ಮಾಡೇನಿ. ಬೂಟು ನಿನ್ನೆ ಸಂಜಿಗೆ ಬಂದಾವು. ಬೇಕಾದ್ರ ಇವರನ್ನ ಕೇಳ್ರಿ."

ಸಾಹೇಬ ನಮ್ಮ ಕಡೆ ತಿರುಗಿದ. ನಾನು ನೆಲ ನೋಡಿದೆ. ಥೂ ನನ್ನ ಬಾಳಿಗಿಷ್ಟು! ಹನ್ನೊಂದು ಬಾಯಲ್ಲಿ ಒಂದೂ ತೆರೆಯಲಿಲ್ಲ. ಅವನು ಅವಳನ್ನು ಬಾಜೂಕ್ಕೆ ಸರಿಸಿ ಫೋಟೊ ತೆಗೆದ. ತೋಟ ಪಾಸಾಯಿತು.

ಕಾರು ಮರೆಯಾದದ್ದೇ ತಡ, ಭೂಷಣ ಅವಳ ಕೈಯ ಕತ್ತರಿ ಕಿತ್ತುಕೊಂಡ. "ಬರಿಗಾಲಿನ ರಂಡೆ ನನ್ನ ತ್ವಾಟಕ್ಕ ಬ್ಯಾಡ. ನಡಿ!"

ಸಂಜೆ ಅವಳ ಮನೆಗೆ ಹೋದೆ. ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಒಂದ ತಾಸು ಹಾಕ್ಕೊಂಡಿದ್ರ ಏನ ಗಂಟು ಹೋಗ್ತಿತ್ತ ಅಕ್ಕಾ? ಹಾಕ್ಕೊಳ್ಳಲಿಲ್ಲಂತ ಈಕಿ ಎದ್ದು ನಡಿತಾಳೇನ?"

"ಇಲ್ಲ ಸುಮನ. ನಡಿಯೂದಿಲ್ಲಂತ ಡಾಕ್ಟರು ಯಾವಾಗೋ ಹೇಳ್ಯಾರ."

"ಮತ್ತ?"

"ಮಾತು ಕೊಟ್ಟಾಕಿ ನಾನು. ಮಾಯವ್ವ ನನಗ ಏನೂ ಕೊಟ್ಟಿಲ್ಲ. ನಂದು ಅಂಬೂದು ಈ ಮನ್ಯಾಗ ಅದೊಂದ ಮಾತು ಐತಿ. ಅದನ್ನೂ ಆಂವಗ ಕೊಡ್ಲೇನ?"

ಮಯೂರಿ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಕಾಂಚನಕ್ಕ ಕೂಲಿ ಕೇಳುತ್ತ ಲಿಂಗನೂರಿನ ದಾರಿ ಹಿಡಿದಳು. ಭೂಷಣ ಬೂಟುಗಳನ್ನೆಲ್ಲ ತೊಳೆಸಿ, ಚೀಲಕ್ಕೆ ತುಂಬಿ, ತನ್ನ ಮಾವನ ತೋಟಕ್ಕೆ ಕಳಿಸಿದ. ಸಾಹೇಬ ಅಲ್ಲಿಗೂ ಬರುವವನಿದ್ದ. ರಾತ್ರಿಯೆಲ್ಲ ನೀರು ಬಿಟ್ಟು ತೋಟ ಕೆಸರಾಗಿತ್ತು. ಚಪ್ಪಲಿ ಹೂತು ಹರಿಯುತ್ತವೆಂದು ಬದುವಿನ ಮೇಲೆ ಬಿಟ್ಟು, ನಾವು ಹನ್ನೊಂದು ಮಂದಿಯೂ ಬರಿಗಾಲಲ್ಲಿ ಸಾಲಿಗಿಳಿದೆವು.