ದಾರಿ ಬಲ್ಲ ಗಾಡಿ

ಗಾಡಿ ಹುಡುಕುವ ಕೆಲಸವನ್ನು ಮೊಹಾಪಿ ಹೆಂಡತಿಗೇ ಬಿಟ್ಟಿದ್ದ. ಅವನಿದ್ದದ್ದು ಗಡಿಯಾಚೆ, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ. ಕ್ರಿಸ್‌ಮಸ್ಸಿಗೆ ಬಿಟ್ಟರೆ ರಜೆ ಇಲ್ಲ.

"ನಿನ್ನ ಕಣ್ಣಿಗೆ ಬೀಳದ ಹುಳುಕು ಯಾವುದಿದೆ ಹೇಳು. ನನ್ನಲ್ಲೇ ಅಷ್ಟೊಂದು ಹುಡುಕಿ ತೆಗೆದವಳು, ಗಾಡೀಲಿ ತೆಗೆಯಲ್ವಾ?" ಎಂದು ಫೋನಿನಲ್ಲಿ ನಕ್ಕಿದ್ದ.

ಮಾನಲೇದಿಗೆ ನಗು ಬಂದಿರಲಿಲ್ಲ. ಹೋದ ಚಳಿಗಾಲದಲ್ಲಿ ಮಗಳು ನಲೇದಿಗೆ ಉಸಿರು ಕಟ್ಟಿದಾಗ ಬಾಡಿಗೆ ವ್ಯಾನಿನವನು ಹಳ್ಳದ ಹಿಮ ನೋಡಿ ಹಿಂದಕ್ಕೆ ಹೋಗಿಬಿಟ್ಟಿದ್ದ. ಮಗುವನ್ನು ಕಂಬಳಿಯಲ್ಲಿ ಸುತ್ತಿ ಕುದುರೆಯ ಮೇಲೆ ಬೆಟ್ಟ ಇಳಿಸಿದ್ದಳು. ದಾರಿಯುದ್ದಕ್ಕೂ ಎದೆಗೆ ಕಿವಿಯಾನಿಸಿ, ಆ ಸೀಟಿಯಂಥ ಉಸಿರು ಎಲ್ಲಿ ನಿಂತುಬಿಡುತ್ತದೋ ಎಂದು ಕೇಳಿಸಿಕೊಳ್ಳುತ್ತ ಹೋಗಿದ್ದಳು. ಮಗು ಉಳಿಯಿತು. ಆದರೆ ಆ ಕಿವಿ ಇನ್ನೂ ಎದೆಯಿಂದ ಎದ್ದಿರಲಿಲ್ಲ. ಮುಂದಿನ ಹಿಮ ಬೀಳುವುದರೊಳಗೆ ಮನೆಯ ಮುಂದೆ ನಾಲ್ಕು ಚಕ್ರವೂ ಎಳೆಯುವ ಒಂದು ಗಾಡಿ ನಿಂತಿರಬೇಕು. ಹೊಸದಕ್ಕೆ ಕೈ ಎಟುಕುವುದಿಲ್ಲ. ಹಳೆಯದಾದರೂ ಸರಿ, ದಾರಿಯಲ್ಲಿ ಕೈಕೊಡಬಾರದು.

ಅವಳು ಬಯಲು ಸೀಮೆಯ ಹ್ಲೋತ್ಸೆ ಪೇಟೆಯಲ್ಲಿ ಓದಿ ಬೆಳೆದವಳು. ಗಂಡನ ಊರಾದ ಹಾ ಲೆಬೀಕೋದ ಶಾಲೆಗೆ ಟೀಚರಾಗಿ ಬೆಟ್ಟ ಹತ್ತಿದ್ದು ಈಚೆಗೆ. ರಜೆ ಸಿಕ್ಕಾಗಲೆಲ್ಲ ಹ್ಲೋತ್ಸೆಗೆ ಇಳಿದು ಗಾಡಿ ನೋಡಿದಳು. ಒಂದರ ಹೊಟ್ಟೆಯಡಿ ತುಕ್ಕಿನ ಮೇಲೆ ಹಸಿ ಬಣ್ಣ. ಇನ್ನೊಂದರಲ್ಲಿ ಫೋರ್ ವೀಲಿನ ಗೇರು ಬೀಳುತ್ತಿತ್ತು, ಮುಂದಿನ ಚಕ್ರಗಳಿಗೆ ಮಾತ್ರ ಅದರ ಸುದ್ದಿ ಮುಟ್ಟುತ್ತಿರಲಿಲ್ಲ. ಅವಳು ನೆಲಕ್ಕೆ ಗೋಣಿ ಹಾಸಿ ಗಾಡಿಯಡಿ ತೂರುವುದನ್ನು ಕಂಡು ಒಬ್ಬ ದಲ್ಲಾಳಿ, "ಟೀಚರಮ್ಮ, ಗಂಡನ್ನೂ ಹೀಗೇ ಬಗ್ಗಿ ನೋಡಿ ಒಪ್ಪಿದ್ರಾ?" ಎಂದ. "ಅಷ್ಟು ಬಗ್ಗಿರಲಿಲ್ಲ. ಅದಕ್ಕೇ ಈಗ ಬಗ್ತಿದೀನಿ," ಎಂದು ಮೊಣಕೈ ಒರೆಸಿಕೊಂಡು ಹೊರಟಿದ್ದಳು.

ಕೊನೆಗೆ ಕಣ್ಣಿಗೆ ಬಿದ್ದದ್ದು ಇಗರ್ಜಿಯ ಹಿಂದಿನ ಓಣಿಯಲ್ಲಿ, ಸೆಖೋತೋ ಎಂಬ ಮುದುಕನ ಅಂಗಳದಲ್ಲಿ. ಕೆನೆಬಣ್ಣದ ಉದ್ದನೆಯ ಗಾಡಿ. ಹಿಂಬದಿ ಸೀಟಿಲ್ಲ, ಸಾಮಾನಿಗೆ ಬಿಟ್ಟ ಜಾಗ. ಅಡಿಯಲ್ಲಿ ತುಕ್ಕಿಲ್ಲ, ಎಣ್ಣೆ ಜಿನುಗಿಲ್ಲ. ಮನೆಯ ಹಿಂದಿನ ಕೆಸರು ದಿಬ್ಬಕ್ಕೆ ಹತ್ತಿಸಿ ನೋಡಿದಳು. ಗಾಡಿ ಗೊಣಗದೆ ಹತ್ತಿತು.

ಹಿಂಬದಿಯ ತಳದಲ್ಲಿ ಸಾಲಾಗಿ ಕಬ್ಬಿಣದ ಉರುಳೆಗಳಿದ್ದವು. "ಇವು ಯಾಕೆ?" ಎಂದು ಕೇಳಿದಳು.

"ಭಾರ ಜಾರಿಸೋಕಮ್ಮ. ಆರು ಜನ ಹೊರೋದನ್ನ ಇಬ್ಬರು ಒಳಗೆ ತಳ್ಳಬಹುದು."

ಕೋಳಿ ತೌಡಿನ ಮೂಟೆಗಳನ್ನು ನೆನೆದು ಅವಳಿಗೆ ಖುಷಿಯೇ ಆಯಿತು. "ದಾರೀಲಿ ನಿಲ್ಲುತ್ತಾ?"

"ಇವತ್ತಿನವರೆಗೂ ನಿಂತಿಲ್ಲ. ಇದರಲ್ಲಿ ಹೋದವರು ಒಬ್ಬರೂ ದೂರು ಹೇಳಿಲ್ಲ," ಎಂದ ಮುದುಕ ಗಂಭೀರವಾಗಿ. "ಮಗ ಹೊಸದು ತಗೊಂಡ. ನನ್ನ ಬೆನ್ನಿಗೆ ಇನ್ನು ಬೆಟ್ಟ ಬೇಡ ಅಂತ ಕೊಡ್ತಿದೀನಿ. ಹಾ ಲೆಬೀಕೋಗೆ ಅಂದ್ರಾ? ನೀವು ಸುಮ್ಮನೆ ಸ್ಟೀರಿಂಗ್ ಹಿಡ್ಕೊಂಡಿರಿ, ದಾರಿ ಅದಕ್ಕೇ ಗೊತ್ತು. ಮಂಜು ಬೀಳುತ್ತೆ, ಹೆಡ್‌ಲೈಟು ಆರಿಸಬೇಡಿ. ಹಳ್ಳದ ತಿರುವಲ್ಲಿ ಹಾರ್ನ್ ಮಾಡಿ. ನಿಧಾನಕ್ಕೆ ಹೋಗಿ."

ಬೆಲೆ ಅವಳ ಅಂದಾಜಿನೊಳಗೇ ಇತ್ತು. ಎಲ್ಲ ಪರೀಕ್ಷಿಸಿದ್ದಳು, ಎಲ್ಲ ಕೇಳಿದ್ದಳು. ಈ ಗಾಡಿ ಇಷ್ಟು ವರ್ಷ ಏನು ಹೊತ್ತಿತ್ತು ಎಂಬುದನ್ನೊಂದು ಬಿಟ್ಟು.

ಮರುದಿನ ಬೆಳಿಗ್ಗೆ ತೌಡು, ಈರುಳ್ಳಿ, ಸೀಮೆಎಣ್ಣೆ, ಮಗಳ ಔಷಧಿ ಎಲ್ಲ ಹೇರಿಕೊಂಡು ಒಬ್ಬಳೇ ಹೊರಟಳು. ಚಳಿಗೆ ಹೆಗಲ ಮೇಲೆ ಕಡುನೀಲಿ ಕಂಬಳಿ. ಮುದುಕ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದಳು. ದೀಪ ಉರಿಯುತ್ತಲೇ ಇತ್ತು. ತಿರುವು ತಿರುವಿಗೂ ಹಾರ್ನ್. ನಡೆಯುವವನೂ ಹಿಂದಿಕ್ಕಬಹುದಾದಷ್ಟು ನಿಧಾನ.

ಮೊದಲ ಏರಿನಲ್ಲಿ ಎದುರಾದ ಇಬ್ಬರು ಸವಾರರು ಕುದುರೆಯಿಂದಿಳಿದು, ಹುಲ್ಲಿನ ಟೋಪಿ ತೆಗೆದು ಎದೆಗೊತ್ತಿ ನಿಂತರು. ಬೆಟ್ಟದವರ ಮರ್ಯಾದೆಯೇ ಬೇರೆ ಎಂದುಕೊಂಡು ಕೈಬೀಸಿದಳು. ಅವರು ತಲೆ ಎತ್ತಲಿಲ್ಲ. ಮುಂದೆ ರಸ್ತೆ ರಿಪೇರಿಯವರು ಸಲಿಕೆ ಕೆಳಗಿಟ್ಟರು. ನಲ್ಲಿಯ ಬಳಿ ಜಗಳವಾಡುತ್ತಿದ್ದ ಹೆಂಗಸರು ಬಾಯಿ ಕಟ್ಟಿದಂತೆ ಸುಮ್ಮನಾದರು. ಹಳ್ಳದ ಪಕ್ಕದ ಅಂಗಡಿಯವನು ರೇಡಿಯೋ ಆರಿಸಿ ಬಾಗಿಲನ್ನು ಅರ್ಧಕ್ಕೆ ಎಳೆದ.

ಅವಳು ಗಾಡಿ ನಿಲ್ಲಿಸಿದಳು. ಇಳಿದು ಗಾಡಿಯಡಿ ಬಗ್ಗಿ ನೋಡಿದಳು. ಏನೂ ಕಳಚಿರಲಿಲ್ಲ. ದಾರಿಬದಿ ಟೋಪಿ ಹಿಡಿದು ನಿಂತಿದ್ದ ಮುದುಕನೊಬ್ಬನನ್ನು ಕೇಳಿದಳು, "ಯಾಕಜ್ಜ, ಏನಾಗಿದೆ?"

ಅವನು ನೆಲ ನೋಡಿದ. "ನಾವೇನು ಹೇಳೋದಮ್ಮ ನಿನಗೆ. ಧೈರ್ಯ ತಂದ್ಕೋ ತಾಯಿ."

ಇವರಿಗೆಲ್ಲ ಏನೋ ಗೊತ್ತಿದೆ, ತನಗೊಬ್ಬಳಿಗೇ ಗೊತ್ತಿಲ್ಲ. ನಲೇದಿ, ಅನಿಸಿತು ಅವಳಿಗೆ. ಫೋನು ತೆಗೆದರೆ ಸಿಗ್ನಲ್ ಇಲ್ಲ. ಊರ ಹಿಂದಿನ ಗುಡ್ಡದ ತಲೆಗೆ ಹೋಗದೆ ಆ ಸೀಮೆಯಲ್ಲಿ ಸಿಗುವುದೂ ಇಲ್ಲ. ಜೋರಾಗಿ ಹೋಗಲು ದಾರಿ ಬಿಡಲಿಲ್ಲ. ಉಳಿದ ಏರನ್ನು ಹಲ್ಲು ಕಚ್ಚಿ, ಅದೇ ನಿಧಾನದಲ್ಲಿ, ಹಾರ್ನ್ ಒತ್ತುತ್ತ ಹತ್ತಿದಳು.

ಅಂಗಳದಲ್ಲಿ ಮನೆಯ ಸಾಮಾನೆಲ್ಲ ಹೊರಗಿತ್ತು. ಮೇಜು, ಕುರ್ಚಿಗಳು, ಬಿಚ್ಚಿಟ್ಟ ಮಂಚ. ಊರ ಹೆಂಗಸರು ಗೋಡೆಗೊರಗಿ ನಿಂತಿದ್ದರು. ಅವರ ನಡುವೆ, ಪಕ್ಕದ ಮನೆಯ ಮಾತುಮೆಲೋಳ ಕಂಬಳಿಯಂಚು ಹಿಡಿದುಕೊಂಡು ನಲೇದಿ ನಿಂತಿದ್ದಳು. ಕೆನ್ನೆ ಕೆಂಪಗೆ, ಮೂಗು ಸೋರುತ್ತ, ಜೀವಂತ.

ಮಾನಲೇದಿಯ ಎದೆ ಒಮ್ಮೆ ಹಗುರಾಗಿ ಮರುಕ್ಷಣವೇ ಕುಸಿಯಿತು. ತೆರೆದ ಬಾಗಿಲಿನಿಂದ ಒಳಗೆ ಕಾಣುತ್ತಿತ್ತು. ಬರಿದಾದ ಕೋಣೆ, ನೆಲಕ್ಕೆ ಹಾಸಿದ ಹಾಸಿಗೆ, ಅದರ ಮೇಲೆ ಕಪ್ಪು ಶಾಲು ಹೊದ್ದ ಅತ್ತೆ. ಮನೆ ಬರಿದು ಮಾಡಿ ನೆಲಕ್ಕೆ ಹಾಸಿಗೆ ಹಾಸುವುದು ಸತ್ತವನ ತಾಯಿಗೆ, ಹೆಂಡತಿಗೆ ಎಂದು ಬಯಲು ಸೀಮೆಯವಳಿಗೂ ಗೊತ್ತು. ಮಗು ಇಲ್ಲಿದೆ, ಅತ್ತೆ ಇಲ್ಲಿದ್ದಾರೆ. ಹಾಗಾದರೆ ಇನ್ನು ಉಳಿದವನು ಒಬ್ಬನೇ.

ಮಾತುಮೆಲೋ ಬಂದು ಮೊಣಕೈ ಹಿಡಿದಳು. "ಬಾ ಮಗಳೇ. ಕೂತ್ಕೋ. ನಿನ್ನ ಜಾಗ ಅದೇ."

ಕಾಲು ತಾನಾಗಿ ನಡೆಯಿತು. ಅತ್ತೆಯ ಪಕ್ಕದಲ್ಲಿ ಕುಳಿತಳು. ಹಿಂದೆ ಹೆಂಗಸರು ಸಣ್ಣದನಿಯಲ್ಲಿ ಸಾವಿನ ಹಾಡು ಎತ್ತಿದರು. ಮಗ ಹುಟ್ಟಿದಂದಿನಿಂದ ಈ ಹೆಂಗಸನ್ನು ಊರೆಲ್ಲ ಕರೆಯುವುದು ಮಾಮೊಹಾಪಿ ಎಂದು, ಮೊಹಾಪಿಯ ತಾಯಿ ಎಂದು. ಇನ್ನು ಮೇಲೆ ಏನೆಂದು ಕರೆಯುತ್ತಾರೆ ಎಂಬ ಅಸಂಬದ್ಧ ಯೋಚನೆ ಹಾದುಹೋಯಿತು.

"ಯಾವಾಗ?" ಎಂದಳು ಕೊನೆಗೆ.

"ನೀನೇ ಹೇಳ್ಬೇಕು," ಎಂದರು ಅತ್ತೆ.

"ಗಣಿಯಿಂದ ಫೋನ್ ಬಂತಾ?"

"ನನಗ್ಯಾರು ಫೋನ್ ಮಾಡ್ತಾರೆ?"

"ಮತ್ತೆ ನಿಮಗೆ ಹೇಳಿದ್ದು ಯಾರು ಅತ್ತೆ?"

ಮುದುಕಿ ಮೊದಲ ಬಾರಿ ಅವಳತ್ತ ತಿರುಗಿದರು. "ಹೇಳೋಕೇನಿದೆ. ಹಳ್ಳದ ತಿರುವಲ್ಲಿ ಹಾರ್ನ್ ಕೇಳಿಸ್ತು. ಹೊರಗೆ ಬಂದ್ರೆ ಅದೇ ಗಾಡಿ, ಹಗಲಲ್ಲೇ ದೀಪ ಹಚ್ಕೊಂಡು. ಪಕ್ಕದಲ್ಲಿ ನಿನ್ನ ನೀಲಿ ಕಂಬಳಿ. ಗಣೀಲಿ ಸತ್ತ ನಮ್ಮೂರ ಗಂಡಸರನ್ನೆಲ್ಲ ಮನೆಗೆ ತಂದಿದ್ದು ಅದೇ ಅಲ್ವಾ. ನಿಮ್ಮ ಮಾವನ್ನೂ ಅದೇ ತಂತು. ಈಗ ಬಾಗಿಲು ತೆಗೆಸು. ನಾನು ನನ್ನ ಮಗನ ಮುಖ ನೋಡ್ಬೇಕು."

ಮಾನಲೇದಿ ಬಾಗಿಲಾಚೆಯ ಗಾಡಿಯತ್ತ ತಿರುಗಿದಳು. ಅವಳು ಈ ಊರಿಗೆ ಬಂದ ಮೇಲೆ ಗಣಿಯಿಂದ ಯಾರೂ ಹಾಗೆ ಬಂದಿರಲಿಲ್ಲ. ಉರುಳೆಗಳು. ಆರು ಜನ ಹೊರುವ ಭಾರ. ದೂರು ಹೇಳದವರು. ಸೆಖೋತೋ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಬೆಟ್ಟದವಳು ಎಂದ ಮೇಲೆ ತಿಳಿದೇ ಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ.

ಎದ್ದುಹೋಗಿ ಗಾಡಿಯ ಹಿಂಬಾಗಿಲನ್ನು ಎಳೆದು ತೆರೆದಳು. ದಾರಿಯಲ್ಲಿ ಕುಲುಕಿ ಬಾಯಿ ಬಿಚ್ಚಿದ್ದ ಚೀಲದಿಂದ ಈರುಳ್ಳಿಗಳು ಉರುಳೆಗಳ ಮೇಲೆ ಗಡಗಡ ಉರುಳಿ ಬಂದು ಹೆಂಗಸರ ಕಾಲಿಗೆ ಬಿದ್ದವು. ಹಾಡು ಅರ್ಧ ಸಾಲಿಗೇ ನಿಂತಿತು.

"ಇದು ಕೋಳಿ ತೌಡು," ಎಂದಳು ಮಾತುಮೆಲೋ, ಯಾರೋ ಕೇಳಿದ್ದರೆಂಬಂತೆ.

"ನಾನು ಗಾಡಿ ಕೊಂಡೆ ಅತ್ತೆ," ಎಂದಳು ಮಾನಲೇದಿ. "ನಲೇದಿಗೋಸ್ಕರ. ಬರೀ ಗಾಡಿ. ಅವರು ಗಣೀಲಿದ್ದಾರೆ, ಚೆನ್ನಾಗೇ ಇದ್ದಾರೆ."

ಅವಳ ಹಿಂದೆಯೇ ಎದ್ದುಬಂದಿದ್ದ ಅತ್ತೆ ಹೊರಗಿಟ್ಟಿದ್ದ ಕುರ್ಚಿಯೊಂದರ ಮೇಲೆ ಕುಸಿದು ಕುಳಿತರು. ಯಾರೋ ಹಿಂದಿನಿಂದ, ಹಾಸಿದ ಹಾಸಿಗೆ ಸಾವು ಕಾಣದೆ ಸುಮ್ಮನೆ ಏಳುತ್ತಾ ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

"ನಿನ್ನ ಮಾತು ನಂಬಲ್ಲ," ಎಂದರು ಅತ್ತೆ. "ಅವನ ದನಿ ಕೇಳಿಸು. ಆಮೇಲೆ ಇದನ್ನ ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ. ನನ್ನ ಮೊಮ್ಮಗಳು ಇದಕ್ಕೆ ಕಾಲಿಡಲ್ಲ."

ದನಿ ಕೇಳಬೇಕೆಂದರೆ ಗುಡ್ಡದ ತಲೆಗೆ ಹೋಗಬೇಕು. ಕುದುರೆಗಳು ಮೇಯಲು ದೂರ ಹೋಗಿದ್ದವು. ಮುದುಕಿಯ ಮಂಡಿಗೆ ಆ ಏರು ಸಾಗದು. ಆಕೆ ಗುಡ್ಡ ನೋಡಿದರು, ಗಾಡಿ ನೋಡಿದರು. ಕೊನೆಗೆ ಶಾಲು ಬಿಗಿದುಕೊಂಡು, ಯಾರ ಕೈಯನ್ನೂ ಹಿಡಿಯದೆ, ಕೋಲೂರಿ ಮುಂದಿನ ಸೀಟಿಗೆ ಹತ್ತಿದರು.

ದನಗಳ ಜಾಡು ಬಿಟ್ಟರೆ ಅಲ್ಲಿ ದಾರಿಯೆಂಬುದಿಲ್ಲ. ಮಾನಲೇದಿ ಫೋರ್ ವೀಲಿಗೆ ಹಾಕಿದಳು. ಕೆಸರು ಹಾರಿತು, ಕಲ್ಲು ಜಾರಿತು, ಗಾಡಿ ಜಾರಲಿಲ್ಲ.

ಮೇಲೆ ನಿಂತು ಫೋನು ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು.

"ಪಾಳಿಯಲ್ಲಿರಬೇಕು ಅತ್ತೆ. ನೆಲದೊಳಗೆ ಫೋನ್ ಒಯ್ಯೋಹಾಗಿಲ್ಲ."

"ನಿಮ್ಮ ಮಾವನಿಗೂ ಅವತ್ತು ಪಾಳಿಯೇ ಇತ್ತು."

ಹಾಸಿದ ಹಾಸಿಗೆಯ ಮಾತು ಮಾನಲೇದಿಯ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಸಾವನ್ನು ನಾನೇ ಕೈಯಾರೆ ಕರೆದುಕೊಂಡು ಬಂದೆನೇ? ದೀಪ ಹಚ್ಚಿ, ಹಾರ್ನ್ ಊದಿ, ಮೆಲ್ಲಗೆ ಮೆಲ್ಲಗೆ?

ಬೆಟ್ಟದ ನೆರಳು ಊರಿಗೆ ಮುಟ್ಟುವ ಹೊತ್ತಿಗೆ ಫೋನು ತಾನಾಗಿ ಬಡಿದುಕೊಂಡಿತು.

"ಏನೇ, ಅಷ್ಟು ಸಲ ಮಾಡಿದೀಯ? ಗಾಡಿ ಆಗಲೇ ಕೆಟ್ಟು ನಿಂತಿತಾ?"

ಅತ್ತೆ ಫೋನು ಕಿತ್ತುಕೊಂಡರು. "ಮೊಹಾಪಿ."

"ಅಮ್ಮ? ನೀನ್ಯಾಕೆ ಗುಡ್ಡದ ಮೇಲೆ ಬಂದೆ ಈ ಚಳೀಲಿ?"

"ಇನ್ನೊಂದು ಸಲ ಮಾತಾಡು."

"ಏನು ಮಾತಾಡ್ಲಿ?"

"ಏನಾದ್ರೂ. ಬೈಯಿ ಬೇಕಾದ್ರೆ."

ಅವನು ಏನು ಬೈದನೋ, ಮುದುಕಿಯ ಬಾಯಿ ಅಳುವುದಕ್ಕೂ ನಗುವುದಕ್ಕೂ ನಡುವೆ ಎಲ್ಲೋ ಸೊಟ್ಟಗಾಯಿತು. ಫೋನು ಹಿಂದಕ್ಕೆ ಕೊಟ್ಟು, ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡು, ಗಾಡಿಯ ಸುತ್ತ ಒಂದು ಸುತ್ತು ಬಂದರು. ಟೈರಿಗೆ ಕೋಲಿನಿಂದ ತಟ್ಟಿದರು.

"ಮಾವನ್ನ ತಂದ ದಿನ ಮೊಣಕಾಲುದ್ದ ಹಿಮ. ಬೇರೆ ಯಾವ ಗಾಡಿಯೂ ಬರಲ್ಲ ಅಂದಿತ್ತು. ಇದು ಒಂದು ಕಡೇನೂ ನಿಲ್ಲಲಿಲ್ಲ," ಎಂದರು. ಆಮೇಲೆ, "ಹಿಂಬಾಗಿಲು ತೆಗಿ."

"ಅಲ್ಲಿ ಸೀಟಿಲ್ಲ ಅತ್ತೆ."

"ಗೊತ್ತು. ಅಲ್ಲಿ ಯಾರಾದ್ರೂ ಎದ್ದು ಕೂತಿದ್ದನ್ನ ಈ ಊರು ನೋಡಿಲ್ಲ. ನೋಡ್ಲಿ."

ತೌಡಿನ ಮೂಟೆಯ ಮೇಲೆ ಕಾಲು ಚಾಚಿ, ಕಿಟಕಿಯ ಗಾಜು ಸರಿಸಿ ಕುಳಿತರು. ಗಾಡಿ ಊರೊಳಗೆ ಇಳಿದಾಗ ಗೋಡೆಯ ಪಕ್ಕದಲ್ಲಿ ನಿಂತಿದ್ದ ಮುದುಕನೊಬ್ಬನ ಕೈ ಅಭ್ಯಾಸಬಲದಿಂದ ಟೋಪಿಗೆ ಹೋಯಿತು.

"ಟೋಪಿ ಹಾಕ್ಕೊಳೋ, ಶೀತ ಆಗುತ್ತೆ," ಎಂದು ಹಿಂಬದಿಯಿಂದ ದನಿ ಬಂತು. "ನಾನು ಸತ್ತಿಲ್ಲ, ಸವಾರಿ ಹೊರಟಿದೀನಿ."

ಮುದುಕ ಬೆಚ್ಚಿ ಗೋಡೆಗಂಟಿದ. ಮಾನಲೇದಿ ಹಾರ್ನಿನತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹೆಡ್‌ಲೈಟು ಆರಿಸಿದಳು.

ಅಂಗಳದಲ್ಲಿ ಹೆಂಗಸರು ಮಂಚವನ್ನು ಒಳಗೆ ಹೊರುತ್ತಿದ್ದರು. ಗಾಡಿ ಕಂಡು ಮಂಚ ಹಿಡಿದೇ ನಿಂತರು.

"ಏ ನಲೇದಿ," ಎಂದು ಕಿಟಕಿಯಿಂದ ಅಜ್ಜಿ ಕೈಚಾಚಿದರು. "ಬಾ, ಹತ್ತು. ಹಳ್ಳದವರೆಗೂ ಹೋಗಿ ಬರೋಣ. ಅಂಗಡಿಯವನು ಬಾಗಿಲು ಎಳ್ಕೊಂಡಿರ್ತಾನೆ, ತೆಗೆಸೋಣ. ನೀನು ಸ್ವಲ್ಪ ಜೋರಾಗಿ ಹೊಡಿಯೇ ಮಾನಲೇದಿ. ಹೀಗೆ ತೆವಳಿದ್ದಕ್ಕೇ ಅಲ್ವಾ ನಾನು ಮನೆ ಖಾಲಿ ಮಾಡಿದ್ದು."

ಮಗು ಈರುಳ್ಳಿಗಳನ್ನು ದಾಟಿ ಓಡಿಬಂದು ಉರುಳೆಗಳ ಮೇಲೆ ಕಾಲಿಟ್ಟು, ಜಾರಿ, ಅಜ್ಜಿಯ ಮಡಿಲಿಗೆ ಬಿದ್ದಿತು. ಮಾನಲೇದಿ ಕನ್ನಡಿಯಲ್ಲಿ ನೋಡಿದಳು. ಮಗುವಿನ ಉಸಿರಿಗೆ ಕಿವಿಗೊಟ್ಟಳು. ಆಮೇಲೆ ಗೇರು ಹಾಕಿದಳು.