ಖಾಲಿ ಬಾಟಲಿಯಲ್ಲಿ ಸೀಸ

ನಾಲ್ಕನೇ ಸಲವೂ ನನ್ನ ಖಾಲಿ ಬಾಟಲಿಯಲ್ಲಿ ಸೀಸ ಸಿಕ್ಕಿತು.

ಖಾಲಿ ಎಂದರೆ ಪೂರ್ತಿ ಖಾಲಿಯಲ್ಲ. ಕಾರ್ಖಾನೆಯ ಕಸ ಎಷ್ಟು ಅಪಾಯ ಎಂದು ನೋಡಲು ಅದನ್ನು ಪುಡಿ ಮಾಡಿ, ತೂಗಿ, ಹುಳಿ ನೀರಿನ ಬಾಟಲಿಗೆ ಹಾಕಿ, ಯಂತ್ರಕ್ಕೆ ಕಟ್ಟಿ ಹದಿನೆಂಟು ಗಂಟೆ ತಲೆಕೆಳಗು ಮಾಡುತ್ತ ತಿರುಗಿಸುತ್ತೇವೆ. ಮಳೆ ಬಿದ್ದರೆ ಆ ಕಸದಿಂದ ಏನೇನು ಇಳಿದು ಬಾವಿಗೆ ಸೇರೀತು ಎಂಬುದು ಅದರಿಂದ ತಿಳಿಯುತ್ತದೆ. ಪಕ್ಕದಲ್ಲೇ ಕಸ ಹಾಕದೆ ಬರೀ ಹುಳಿ ನೀರಿರುವ ಇನ್ನೊಂದು ಬಾಟಲಿಯೂ ತಿರುಗುತ್ತಿರುತ್ತದೆ. ಅದಕ್ಕೆ ಬ್ಲಾಂಕ್ ಎನ್ನುತ್ತಾರೆ. ಅದರಲ್ಲಿ ಏನೂ ಸಿಗಬಾರದು. ಸಿಕ್ಕಿದರೆ ಆ ಕೊಳೆ ಪರೀಕ್ಷೆ ಮಾಡಿದವರದು.

ಮಾಡಿದವಳು ನಾನು. ಒಂಬತ್ತು ವರ್ಷ ಇದೇ ಲ್ಯಾಬಿನಲ್ಲಿ ಬಾಟಲಿ ತೊಳೆದವಳು. ನಾನು ತೊಳೆದ ಗಾಜಿನಲ್ಲಿ ಒಂದು ಕಲೆ ತೋರಿಸುವವರು ಇನ್ನೂ ಹುಟ್ಟಿಲ್ಲ. ಸಂಶೋಧನಾ ತರಬೇತಿಗೆ ಒಂದು ಜಾಗ ಖಾಲಿ ಇದ್ದಾಗ, ಪಿಯುಸಿಯಲ್ಲಿ ವಿಜ್ಞಾನ ಓದಿದ್ದಾಳಲ್ಲ, ನೋಡೋಣ ಎಂದು ನನ್ನನ್ನು ಸೇರಿಸಿಕೊಂಡಿದ್ದರು. ಶುಕ್ರವಾರದೊಳಗೆ ನನ್ನ ಬ್ಲಾಂಕ್ ಸರಿ ಬರದಿದ್ದರೆ ಮತ್ತೆ ಸಿಂಕಿನ ಮುಂದೆ. ಅವತ್ತು ಮಂಗಳವಾರ.

ಕಲಿಸುವವರಿಗೆ ನಾವು ಇಟ್ಟ ಹೆಸರು 'ಮತ್ತೊಮ್ಮೆ ಮೇಡಂ'. ನಾಲ್ಕನೇ ಫಲಿತಾಂಶದ ಕಾಗದ ನೋಡಿ ಕನ್ನಡಕ ಮೇಲೆತ್ತಿ ಅವರು ಹೇಳಿದ್ದೂ ಅದನ್ನೇ. "ಮತ್ತೊಮ್ಮೆ ಮಾಡಿ."

"ಎಷ್ಟು ಸಲ ಮಾಡ್ಲಿ ಮೇಡಂ? ನೀರು ಬದಲಾಯಿಸ್ದೆ. ಆಸಿಡ್ ಹೊಸದು. ಬಾಟಲಿ ಹೊಸದು. ಗ್ಲೌಸ್ ಹೊಸದು. ಇನ್ನು ನನ್ನ ಕೈಯನ್ನೇ ಬದಲಾಯಿಸ್ಬೇಕಷ್ಟೆ."

ನನ್ನ ಪಕ್ಕದ ಮೇಜಿನಲ್ಲಿ ಗಡ್ಡದವನೊಬ್ಬ ತರಬೇತಿ ಪಡೆಯುತ್ತಿದ್ದ. ಯಾವುದೋ ಬಣ್ಣದ ಕಂಪನಿ ಕಳಿಸಿದ್ದು. ಅವನು ಬಾಟಲಿಗೆ ಮುಚ್ಚಳ ಹಾಕುವಾಗ ಸೀನುತ್ತಾನೆ, ಸೀನಿದ ಕೈಯನ್ನು ಪ್ಯಾಂಟಿಗೆ ಒರೆಸುತ್ತಾನೆ. ಅವನ ಬ್ಲಾಂಕ್ ಮಾತ್ರ ಪ್ರತಿಸಲ ಸ್ವಚ್ಛ. ನನಗೆ ಮೈ ಉರಿಯಿತು. ನಾನಿಲ್ಲದಾಗ ಇವನೇ ಏನಾದರೂ ಉದುರಿಸುತ್ತಾನಾ ಎಂದು ಒಂದು ದಿನ ಊಟಕ್ಕೂ ಹೋಗದೆ ಕಾವಲು ಕೂತೆ.

"ಏನಕ್ಕಾ, ನನ್ನನ್ನೇ ಹಾಗೆ ನೋಡ್ತಿದೀರಾ?" ಎಂದ.

"ನಿನ್ನ ಗಡ್ಡದಲ್ಲಿ ಏನೇನಿದೆಯೋ ಅಂತ ನೋಡ್ತಿದೀನಿ."

ಪಾಪ, ಅವನು ನಕ್ಕು ತನ್ನ ಬಾಟಲಿಯನ್ನೇ ನನಗೆ ಕೊಟ್ಟ, ನನ್ನದನ್ನು ತಾನು ತಗೊಂಡ. ಮೂರನೇ ಸಲ ಮಾಡಿದ್ದು ಹೀಗೆ ಅದಲುಬದಲು ಮಾಡಿಯೇ. ಅವನ ಬಾಟಲಿ ನನ್ನ ಕೈಗೆ ಬಂದ ಮೇಲೆ ಅದರಲ್ಲೂ ಸೀಸ. ನನ್ನದು ಅವನ ಕೈಯಲ್ಲಿ ಸ್ವಚ್ಛ. ಆಮೇಲೆ ನನಗೆ ದಿಕ್ಕೇ ತೋಚಲಿಲ್ಲ. ಬಸ್ಸಿನಲ್ಲಿ ಕೂತು ನನ್ನ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಪಕ್ಕದಲ್ಲಿದ್ದ ಹೆಂಗಸು ಉಂಗುರ ಕಳೆದೋಯ್ತಾ ಎಂದು ಕೇಳಿದಳು.

ಬುಧವಾರ ಮೇಡಂ ನನ್ನ ಮುಂದೆ ಒದ್ದೆ ಕಾಗದಗಳ ಒಂದು ಪೊಟ್ಟಣ ಇಟ್ಟರು. ಮೇಜು, ತಕ್ಕಡಿ, ಕುರ್ಚಿ, ನನ್ನ ಪೆನ್ನು, ಕೂದಲು, ಕೋಟಿನ ತೋಳು, ಎಲ್ಲವನ್ನೂ ಒಂದೊಂದು ಕಾಗದದಿಂದ ಒರೆಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಆಸಿಡ್‌ನಲ್ಲಿ ಕುದಿಸಿ ಸೀಸ ಅಳೆಯುವ ಯಂತ್ರಕ್ಕೆ ಕೊಟ್ಟೆವು. ಮೇಜಿನಲ್ಲಿ ಇಲ್ಲ. ತಕ್ಕಡಿಯಲ್ಲಿ ಇಲ್ಲ. ಕೂದಲಲ್ಲಿ ಸ್ವಲ್ಪ. ಕೋಟಿನ ತೋಳಿನದು ಬಂದಾಗ ಅಂಕಿ ಓಡಿತು, ನಿಲ್ಲಲೇ ಇಲ್ಲ.

"ಈ ಕೋಟನ್ನ ಇಲ್ಲಿನ ಲಾಂಡ್ರಿಗೆ ಯಾವತ್ತು ಹಾಕಿದ್ರಿ?"

"ಲಾಂಡ್ರಿಗಾ? ಅಲ್ಲಿ ವಾರಕ್ಕೊಂದು ಸಲ ಅದ್ದಿ ತೆಗೀತಾರೆ ಮೇಡಂ. ನಾನು ದಿನಾ ಮನೆಗೆ ತಗೊಂಡೋಗಿ ಒಗೆದು ಇಸ್ತ್ರಿ ಹಾಕ್ಕೊಂಡು ಬರ್ತೀನಿ." ಹೆಮ್ಮೆಯಿಂದಲೇ ಹೇಳಿದೆ. ಕೋಟು ಲ್ಯಾಬ್ ಬಿಟ್ಟು ಹೊರಗೆ ಹೋಗಬಾರದು ಎಂಬ ನಿಯಮ ಬಾಗಿಲಲ್ಲೇ ಅಂಟಿಸಿದ್ದರು. ಅದು ಕೊಳಕು ಜನರಿಗೆ ಎಂದುಕೊಂಡಿದ್ದೆ.

"ಯಾವುದರ ಜೊತೆ ಒಗೀತೀರಿ?"

"ಇನ್ಯಾವುದರ ಜೊತೆ? ನಮ್ಮನೆಯವರ ಶರ್ಟು ಪ್ಯಾಂಟು, ಮನೆ ಬಟ್ಟೆ, ಎಲ್ಲ ಒಟ್ಟಿಗೆ."

"ಅವರು ಏನ್ ಕೆಲ್ಸ ಮಾಡ್ತಾರೆ?"

"ಹಳೇ ಬ್ಯಾಟರಿ ಒಡೆಯೋ ಶೆಡ್ಡಲ್ಲಿ ಇದಾರೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬ್ಯಾಟರಿಯ ಒಳಗೆ ಇರುವುದೇ ಸೀಸ ಎಂದು ನನಗೇನು ಗೊತ್ತಿಲ್ಲವೇ? ಮೊದಲ ವಾರದ ಪಾಠವೇ ಅದು, ಬರೆದು ಒಳ್ಳೆ ಅಂಕವನ್ನೂ ತಗೊಂಡಿದ್ದೆ. ಆದರೂ ನನಗೆ ಅರ್ಥವಾಗಲಿಲ್ಲ. "ಒಗೆದಿದೀನಲ್ಲ ಮೇಡಂ," ಎಂದೆ. "ಎರಡು ಸಲ ಸೋಪು ಹಾಕಿದೀನಿ."

"ಅವರ ಬಟ್ಟೆಯ ಧೂಳು ನೀರಿಗೆ ಬಂತು. ನೀರಿಂದ ನಿಮ್ಮ ಕೋಟಿಗೆ ಬಂತು. ತೋಳು ಬಾಟಲಿ ಮೇಲೆ ಆಡಿದಾಗ ಒಂದಿಷ್ಟು ಒಳಗೆ ಉದುರ್ತು."

ಸತ್ಯ ಹೇಳುತ್ತೇನೆ, ಆ ಹೊತ್ತಿಗೆ ನನಗಾದದ್ದು ಖುಷಿ. ಕಳ್ಳ ಸಿಕ್ಕಿದ್ದ. ನನ್ನ ಕೈಯದೇನೂ ತಪ್ಪಿರಲಿಲ್ಲ. ಗಡ್ಡದವನಿಗೆ ಟೀ ಕೊಡಿಸಿ ಕ್ಷಮೆ ಕೇಳಿದೆ. ಗುರುವಾರ ಮೇಡಂ ಅವರ ಕೋಟು ಹಾಕಿಕೊಂಡು, ಕೂದಲಿಗೆ ಟೋಪಿ ಬಿಗಿದು, ಉಸಿರು ಬಿಗಿಹಿಡಿದು ಐದನೇ ಬ್ಲಾಂಕ್ ಕಟ್ಟಿದೆ. ಶುಕ್ರವಾರ ಮಧ್ಯಾಹ್ನ ಯಂತ್ರ ಏನೂ ಇಲ್ಲ ಎಂದಿತು. ಗಡ್ಡದವನು ಚಪ್ಪಾಳೆ ತಟ್ಟಿದ. ಮೇಡಂ ನನ್ನ ಪುಸ್ತಕಕ್ಕೆ ಸಹಿ ಹಾಕಿದರು. ಸಿಂಕಿನ ಕಡೆ ತಿರುಗಿ ಒಂದು ಸಲ ಮೂತಿ ಕೂಡ ತಿರುಗಿಸಿದೆ.

ಸಹಿ ಹಾಕಿದ ಪೆನ್ನು ಮೇಡಂ ಕೈಯಲ್ಲೇ ನಿಂತಿತು.

"ಮನೇಲಿ ಮಕ್ಕಳಿದಾರಾ?"

"ಒಬ್ಬಳೇ ಮೇಡಂ. ಮೂರು ವರ್ಷ."

"ಅವಳ ಬಟ್ಟೆ?"

ಅದೇ ಬಕೆಟ್ಟು. ಅದೇ ನೀರು. ಅವಳು ಅಂಗಿಯ ತೋಳನ್ನು ಬಾಯಲ್ಲಿಟ್ಟು ಚೀಪುತ್ತಾಳೆ, ಅದಕ್ಕೆ ದಿನವೂ ಬೈಯುತ್ತೇನೆ. ಎರಡು ದಿನ ಮೇಡಂ ಮತ್ತು ನಾನು ಬಾಟಲಿಯೊಂದನ್ನೇ ನೋಡುತ್ತ ಕೂತಿದ್ದೆವು.

"ನನಗಾದ್ರೂ ಮೊನ್ನೇನೇ ಹೊಳೀಬೇಕಿತ್ತು," ಎಂದರು ಮೇಡಂ. "ನಾಳೆ ಬೆಳಿಗ್ಗೆ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ. ಯಜಮಾನರದ್ದೂ, ನಿಮ್ಮದೂ. ರಜೆ ನಾನು ಬರ್ಕೋತೀನಿ."

ಬೇಗ ಮನೆಗೆ ಬಂದು, ಪಕ್ಕದ ಮನೆಯಿಂದ ಮಗಳನ್ನು ಕರೆತಂದು ತಲೆಗೆ ಸ್ನಾನ ಮಾಡಿಸಿದೆ. ನೆಲ ಒರೆಸಿದೆ. ಒರೆಸಿದ ಬಟ್ಟೆ ಕೈಯಲ್ಲಿ ಹಿಡಿದು ನಿಂತೆ, ಒರೆಸಿದ್ದು ಹೋಯಿತೋ ಹರಡಿತೋ ತಿಳಿಯಲಿಲ್ಲ. ಮತ್ತೆ ಒರೆಸಿದೆ. ಹಾಸಿಗೆ ಝಾಡಿಸಲು ಹೋದವಳು ಧೂಳು ಎದ್ದೀತೆಂದು ಕೈ ಹಿಂದಕ್ಕೆಳೆದೆ. ನನ್ನ ಮನೆಯಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದೇ ಗೊತ್ತಾಗದೆ ಅಳು ಬಂತು.

ಆರು ಗಂಟೆಗೆ ಇವರು ಬಂದರು. ಬಾಗಿಲ ಸದ್ದಿಗೆ ಮಗಳು ಎಂದಿನಂತೆ ಅಪ್ಪನ ಮೊಣಕಾಲು ತಬ್ಬಲು ಓಡಿದಳು. "ಮುಟ್ಬೇಡ!" ಎಂದು ಕಿರುಚಿಬಿಟ್ಟೆ. ಅವಳು ಅಲ್ಲೇ ನಿಂತು, ತಾನು ಏನು ತಪ್ಪು ಮಾಡಿದೆ ಎಂದು ನನ್ನ ಮುಖ ನೋಡಿದಳು.

ಹೊಸ್ತಿಲಾಚೆಗೇ ನಿಲ್ಲಿಸಿ ಇವರಿಗೆ ಎಲ್ಲ ಹೇಳಿದೆ. ಹೇಗೆ ಹೇಳಿದೆನೋ, ಎಲ್ಲಿಂದ ಶುರುಮಾಡಿದೆನೋ. ಇವರು ಪೂರ್ತಿ ಕೇಳಿದರು. ಆಮೇಲೆ ನಿಧಾನಕ್ಕೆ ಅಂಗಿ ಬಿಚ್ಚಿ, ಮೈಯಿಂದ ದೂರಕ್ಕೆ ತೋರುಬೆರಳು ಹೆಬ್ಬೆರಳಲ್ಲಿ ಹಿಡಿದುಕೊಂಡರು.

"ಇದನ್ನ ಎಲ್ಲಿಡ್ಲಿ?" ಎಂದು ಕೇಳಿದರು.

ಇಂಥದ್ದನ್ನು ಎಲ್ಲಿಡಬೇಕು ಎಂದು ನನಗೆ ಎರಡು ತಿಂಗಳು ಹೇಳಿಕೊಟ್ಟಿದ್ದರು. ನಮ್ಮ ಒಂದೂವರೆ ಕೋಣೆಯ ಮನೆಯನ್ನು ಒಂದು ಸಲ ಸುತ್ತ ನೋಡಿದೆ.

"ಗೊತ್ತಿಲ್ಲ ರೀ," ಎಂದೆ.