ಸಕ್ಕರೆ ನೀರಿಗೂ ಬೆಳಗಿದ ದೀಪ

ಜೀನ್ಸ್ ತೊಳೆಯುವ ಕಾರ್ಖಾನೆಯವರು ಉಪ್ಪು ಬೆರೆತ ಕೊಳೆನೀರನ್ನು ಬತ್ತಿದ ಬೋರ್‌ವೆಲ್ಲಿಗೆ ಇಳಿಸಿದರು. ನಾಲ್ಕು ವರ್ಷ ಇಳಿಸಿದರು.

ನಾನು ಒಂದು ಇಂಗಾಲದ ಕಡ್ಡಿ. ಪುಡಿಯಾಗಿದ್ದವನನ್ನು ಒತ್ತಿ, ಸುಟ್ಟು, ಬೆರಳುದ್ದ ಮಾಡಿ ಟಾರ್ಚಿನ ಸೆಲ್ಲಿನ ಹೊಟ್ಟೆಗೆ ತುರುಕಿದರು. ಕೊಂಡವನು ಈರಣ್ಣ, ಬಳ್ಳಾರಿ ಕಡೆಯವನು, ಅದೇ ಕಾರ್ಖಾನೆಯಲ್ಲಿ ಪ್ಯಾಂಟು ತೊಳೆಯುವವನು. ಬಣ್ಣ ಬಿಟ್ಟಿತೇ ಎಂದು ಡ್ರಮ್ಮಿನೊಳಗೆ ಟಾರ್ಚ್ ಹಾಕಿ ನೋಡುತ್ತಿದ್ದ. ಅವನ ಉಗುರು ನೀಲಿ, ಕೆಮ್ಮಿದರೆ ಕಫವೂ ನೀಲಿ. ಸೆಲ್ಲು ಸತ್ತ ಮೇಲೆ ಅವನ ಮಗಳು ಹುಲಿಗೆಮ್ಮ, ಹತ್ತನೇ ಕ್ಲಾಸಿನವಳು, ಅದನ್ನು ಕಲ್ಲಲ್ಲಿ ಒಡೆದಳು.

"ಆ ಕಸ ಯಾಕವ್ವ?"

"ಸಾಲಿಗೆ ಬೇಕಪ್ಪ. ನಿನ್ ಟಾರ್ಚಿಗಿಂತ ಚಂದ ದೀಪ ಹಚ್ಚತೈತಿ, ನೋಡ್ತಿರು."

ಶಾಲೆಯಲ್ಲಿ ನನ್ನದು ಒಂದೇ ಕೆಲಸ. ಇನ್ನೊಂದು ಕಡ್ಡಿಯ ಜೊತೆ ಲೋಟದ ನೀರಿಗೆ ಇಳಿಯುವುದು. ತಂತಿಯ ತುದಿಗೆ ಬ್ಯಾಟರಿ, ಒಂದು ಪುಟ್ಟ ದೀಪ. ಉಪ್ಪು ನೀರಿಗೆ ಬಿದ್ದರೆ ಜೋಡಿಯಾಗಿ ಒಂದೂ ಉಳಿಯುವುದಿಲ್ಲ. ಎಲ್ಲವೂ ಅಯಾನುಗಳಾಗಿ ಬಿಡಿಬಿಡಿ. ಧನದವು ಅತ್ತ, ಋಣದವು ನನ್ನತ್ತ. ದೀಪ ಝಗ್ಗೆನ್ನುತ್ತದೆ. ವಿನೆಗರ್‌ನಲ್ಲಿ ನೂರಕ್ಕೆ ಒಂದು ಬಿಡಿಸಿಕೊಂಡು ಬಂದರೆ ಹೆಚ್ಚು, ಉಳಿದವು ತಬ್ಬಿಕೊಂಡೇ ಕೂರುತ್ತವೆ. ದೀಪ ಮಂಕು. ಸಕ್ಕರೆ ಕರಗುತ್ತದೆ, ಅಯಾನಾಗಿ ಒಡೆಯುವುದಿಲ್ಲ. ದೀಪ ಹತ್ತುವುದಿಲ್ಲ. ನೀರಿನಲ್ಲಿ ಏನಿದೆಯೋ ಅಷ್ಟನ್ನೇ ದೀಪಕ್ಕೆ ಮುಟ್ಟಿಸುವುದು ನನ್ನ ಪಾಡು. ಮುಳುಗಿ ಮುಳುಗಿ ತೇಯ್ದಿದ್ದೇನೆ. ಈಗ ಮೊಳೆಯಷ್ಟಿದ್ದೇನೆ. ಸಾಕಾಗಿದೆ.

ನಮ್ಮ ಶಾಲೆಯಲ್ಲಿ ಭಟ್ಟಿ ಇಳಿಸಿದ ನೀರು ಎಂದೂ ಇರಲಿಲ್ಲ. ಕಾರ್ಖಾನೆ ಪಕ್ಕದ ಬೋರ್‌ವೆಲ್ಲಿನಿಂದ ಬರುವ ನಲ್ಲಿ ನೀರನ್ನೇ ಬಾಟಲಿಗೆ ತುಂಬಿ 'ಶುದ್ಧ ನೀರು' ಎಂದು ಚೀಟಿ ಅಂಟಿಸಿದ್ದರು. ಇವತ್ತು ಹುಲಿಗೆಮ್ಮ ಅದರಲ್ಲಿ ಸಕ್ಕರೆ ಕರಗಿಸಿದಳು. ದೀಪ ಬೆಳಗಿತು. ಲೋಟ ತೊಳೆದು ಬರಿಯ 'ಶುದ್ಧ ನೀರು' ಹಾಕಿದಳು. ಆಗಲೂ ಬೆಳಗಿತು. ಹೆಡ್‌ಮಾಸ್ತರ ತಿಪ್ಪೇಸ್ವಾಮಿಯವರ ಕೋಣೆಗೆ ಹೋಗಿ, ಅವರು ಕೊಂಡು ಕುಡಿಯುವ ಕ್ಯಾನಿನಿಂದ ಒಂದು ಲೋಟ ನೀರು ತಂದಳು. ಇಳಿದೆ. ದೀಪ ಕಂಡೂ ಕಾಣದಷ್ಟು.

ಕಂಡದ್ದನ್ನೆಲ್ಲ ಅವಳು ಪ್ರಯೋಗದ ರೆಕಾರ್ಡಿನಲ್ಲಿ ಬರೆದಳು. ನಾಳೆ ರೆಕಾರ್ಡು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು; ಶಾಲೆಗೆ ಬೆಂಚು ಕೊಟ್ಟ ಕಾರ್ಖಾನೆ ಮಾಲೀಕರೂ ಬರುವವರಿದ್ದರು.

"ಏನಿದು? ಶುದ್ಧ ನೀರಾಗ ದೀಪ ಹತ್ತಿತು ಅಂತ ಬರ್ದೀಯಲ್ಲ," ಎಂದರು ಹೆಡ್‌ಮಾಸ್ತರು. "ಪುಸ್ತಕದಾಗ ಹತ್ತಂಗಿಲ್ಲ ಅಂತ ಐತಿ."

"ಪುಸ್ತಕ ಬರ್ದೋರು ನಮ್ ನಲ್ಲಿ ನೀರು ಕುಡಿದಿಲ್ಲ ಸಾರ್."

ಹಿಂದಿನ ಬೆಂಚಿನವರು ಕಿಸಕ್ಕೆಂದರು. ಹೆಡ್‌ಮಾಸ್ತರು ದನಿ ತಗ್ಗಿಸಿದರು.

"ನಿಮ್ಮಪ್ಪ ಅದೇ ಕಾರ್ಖಾನ್ಯಾಗ ದುಡೀತಾನ, ನೆನಪಿರ್ಲಿ. ಹೊಡೆದುಹಾಕಿ ಹೊಸದಾಗಿ ಬರಿ. ಇಲ್ಲಂದ್ರ ನನ್ ಸಹಿ ಇಲ್ಲ, ನಿನಗ ಅಂಕಾನೂ ಇಲ್ಲ."

ಪೆನ್ನು ಚಾಚಿದರು. ಹುಲಿಗೆಮ್ಮ ಮುಟ್ಟಲಿಲ್ಲ. ನನ್ನನ್ನು ಹೊರಕ್ಕೆ ತೆಗೆದಿಟ್ಟು, ನಲ್ಲಿ ನೀರಿನ ಬಾಟಲಿಯಿಂದ ಹೊಸದಾಗಿ ಒಂದು ಲೋಟ ಬಗ್ಗಿಸಿ ಅವರ ಮುಂದೆ ಹಿಡಿದಳು.

"ಇದನ್ನ ಕುಡೀರಿ ಸಾರ್, ನಾವು ದಿನಾ ಕುಡಿಯಾದು. ಕುಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಾ ತಿದ್ದಂಗಿಲ್ಲ."